ಬಣ್ಣ ಬಳಿದ ಗಾಳ

ಈ ಕೆಲಸಕ್ಕೆ ಬೇಕಾದ ಮೊದಲ ಗುಣ ತಾಳ್ಮೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹತ್ತಿರ ತಾಳ್ಮೆ ಬೇಕಾದಷ್ಟಿತ್ತು. ದೊಡ್ಡವರು ಹೇಳಿದ್ದನ್ನು ಕೇಳಿಕೊಂಡು, ತುಟಿ ಕಚ್ಚಿಕೊಂಡು, ಕೊಟ್ಟ ಕೆಲಸ ಮುಗಿಸಿ ಮನೆಗೆ ಹೋಗುವ ತಾಳ್ಮೆ. ಆ ತಾಳ್ಮೆಯಿಂದಲೇ ಒಬ್ಬ ಮನುಷ್ಯನ ಮಾನ ಕಳೆದೆ.

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮೀನು ಹಿಡಿಯುವವರಿಗೆ ಫ್ಲೈ ಕಟ್ಟುವ ಕೆಲಸಕ್ಕೆ ಹೊಸದಾಗಿ ಸೇರಿದವರು. "ಆಂಟಿ, ಈ ಕಲೆಯ ಬಗ್ಗೆ ನಾಲ್ಕು ಮಾತು ಬರೆದುಕೊಡಿ" ಎಂದರು. ಕಲೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಕೆಲಸದ ಬಗ್ಗೆ ಬರೆಯುತ್ತೇನೆ. ಓದಿದ ಮೇಲೆ ಬೇಕಾದರೆ ಇಟ್ಟುಕೊಳ್ಳಲಿ, ಬೇಡವಾದರೆ ಹರಿದು ಹಾಕಲಿ.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ನಡುವೆ, ಅಪ್ಪ ತೀರಿಕೊಂಡ ವರ್ಷ. ನಮ್ಮದು ಮದ್ರಾಸಿನ ಮೈಲಾಪೂರಿನಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ಮಾಧ್ವರ ಮನೆ. ಮನೆಯಲ್ಲಿ ಅಜ್ಜಿ, ಅಮ್ಮ, ನಾನು. ಅಪ್ಪನ ಸ್ನೇಹಿತರಾದ ಶ್ರೀಪತಿರಾಯರು ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯಲ್ಲಿ ಒಂದು ಕಂಪನಿಯ ಮ್ಯಾನೇಜರಾಗಿದ್ದರು. ಕಂಪನಿಯ ಹೆಸರು ಬರೆಯುವುದಿಲ್ಲ. ಅಷ್ಟು ಮರ್ಯಾದೆಯನ್ನು ಅದಕ್ಕೆ ಕೊಡಲು ನನಗೆ ಮನಸ್ಸಿಲ್ಲ. ರಾಯರು ಒಂದು ಸಂಜೆ ಮನೆಗೆ ಬಂದು ಅಜ್ಜಿಯ ಎದುರು ಕೂತು, "ಜಾನಕಿಗೆ ನಮ್ಮಲ್ಲಿ ಕೆಲಸ ಇದೆ. ರೇಷ್ಮೆ ದಾರದ ಕೆಲಸ. ಹೆಣ್ಮಕ್ಕಳೇ ಇರೋದು. ಕಸೂತಿ ಇದ್ದ ಹಾಗೇನೇ" ಎಂದರು.

ಮೊದಲ ದಿನ ಮೇಜಿನ ಮೇಲೆ ನನ್ನ ಮುಂದೆ ಬಂದು ಬಿದ್ದದ್ದು ಹುಂಜದ ಕುತ್ತಿಗೆಯ ಒಣ ಚರ್ಮ, ಪುಕ್ಕದ ಸಮೇತ. ಪಕ್ಕದಲ್ಲಿ ಮೇಕೆಯ ಕೂದಲು, ನವಿಲುಗರಿ, ಒಂದು ಡಬ್ಬಿ ತುಂಬ ಗಾಳ. ನನ್ನ ಮುಖ ನೋಡಿ ಎದುರಿಗೆ ಕೂತಿದ್ದ ಸ್ಟೆಲ್ಲಾ ನಕ್ಕಳು. ಸ್ಟೆಲ್ಲಾ ಕಡಲ ದಂಡೆಯ ರಾಯಪುರಂನವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಆ ಕೋಣೆಯಲ್ಲಿ ನಿಜವಾಗಿ ಕೆಲಸ ಗೊತ್ತಿದ್ದ ಒಬ್ಬಳೇ ಒಬ್ಬಳು. ನಾವಿಬ್ಬರೂ ತಮಿಳಿನಲ್ಲೇ ಮಾತಾಡುತ್ತಿದ್ದೆವು. "ಕಸೂತಿ ಅಂತ ಹೇಳಿ ಕರ್ಕೊಂಡು ಬಂದ್ರಾ? ನನಗೆ ಹೂ ಕಟ್ಟೋ ಕೆಲಸ ಅಂದಿದ್ರು" ಎಂದಳು.

ಸಂಜೆ ಮನೆಗೆ ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದರು. ಸೀರೆಯ ಮೇಲೆ ಒಂದು ಸಣ್ಣ ಕೆಂಪು ಪುಕ್ಕ ಅಂಟಿಕೊಂಡಿತ್ತು. ಅಂದಿನಿಂದ ಆರು ವರ್ಷ, ಹಿತ್ತಲ ಬಾಗಿಲಿನಿಂದ ಬಂದು ತಲೆಗೆ ನೀರು ಹೊಯ್ದುಕೊಂಡೇ ನಾನು ಒಳಗೆ ಹೋಗುತ್ತಿದ್ದೆ. ಮಳೆಗಾಲದಲ್ಲೂ.

ಹೊರಗಿನವರಿಗೆ ಈ ಕೆಲಸ ಏನೆಂದು ಗೊತ್ತಿರುವುದಿಲ್ಲ. ಗಾಳಕ್ಕೆ ಎರೆಹುಳ ಸಿಕ್ಕಿಸುವ ಬದಲು ಪುಕ್ಕ, ಕೂದಲು, ದಾರಗಳನ್ನು ಗಾಳದ ಮೇಲೆ ಕಟ್ಟಿ ಮೀನನ್ನು ಮೋಸಗೊಳಿಸುವ ತಿಂಡಿ ಮಾಡುವುದು. ಅದಕ್ಕೆ ಫ್ಲೈ ಎಂದು ಹೆಸರು, ಅಂದರೆ ನೊಣ. ಫ್ಲೈಗೆ ಭಾರವಿರುವುದಿಲ್ಲ, ದಾರಕ್ಕೆ ಭಾರ. ದಾರ ಕಟ್ಟಿದ ಉದ್ದನೆಯ ಬೆತ್ತವನ್ನು ಚಾಟಿಯ ಹಾಗೆ ಹಿಂದಕ್ಕೂ ಮುಂದಕ್ಕೂ ಬೀಸಿ ಆ ದಾರವನ್ನು ದೂರ ಎಸೆಯಬೇಕು. ಹಿಂದಕ್ಕೆ ಬೀಸಿದಾಗ ಗಾಳ ಎಲ್ಲಿ ಹಾರುತ್ತದೆ ಎಂಬುದನ್ನು ಎಸೆಯುವವನು ನೋಡುವುದಿಲ್ಲ. ಹಿಂದೆ ಕೂತವನು ನೋಡುತ್ತಾನೆ.

ನೊಣ ಎಂಬ ಹೆಸರು ಇಂಗ್ಲೆಂಡಿನ ಸಿಹಿನೀರಿನಿಂದ ಬಂದದ್ದು. ಅಲ್ಲಿಯ ಮೀನು ನೀರಿನ ಮೇಲೆ ಕೂರುವ ಹುಳ ತಿನ್ನುತ್ತದಂತೆ. ನಮ್ಮ ಅಡ್ಯಾರ್ ನದಿ ಸಮುದ್ರ ಸೇರುವ ಕಡೆ, ಎಣ್ಣೂರಿನ ಹಿನ್ನೀರಿನಲ್ಲಿ ಇರುವ ಕೊಡುವಾ, ಪಾರೈ ಮೀನುಗಳಿಗೆ ಹುಳದ ಯೋಚನೆಯೇ ಇಲ್ಲ. ಅವು ಸಣ್ಣ ಮೀನು ತಿನ್ನುತ್ತವೆ, ಸೀಗಡಿ ತಿನ್ನುತ್ತವೆ. ನಾವು ಮಾತ್ರ ಇಂಗ್ಲೆಂಡಿನ ಕ್ಯಾಟಲಾಗಿನ ಬಣ್ಣದ ಚಿತ್ರ ನೋಡಿ ಹುಳ ಕಟ್ಟುತ್ತಿದ್ದೆವು. ಕೊಂಡುಕೊಂಡ ದೊರೆಗಳು ವಾರಗಟ್ಟಲೆ ಬರಿಗೈಯಲ್ಲಿ ಮರಳಿ ಬಂದು ಕೂಗಾಡುತ್ತಿದ್ದರು. ರಾಯರು ಕೋಣೆಗೆ ಬಂದು ನಮ್ಮ ಮೇಲೆ ಕೂಗಾಡುತ್ತಿದ್ದರು. "ಫಿನಿಷಿಂಗ್ ಸರಿಯಿಲ್ಲ! ಚಿತ್ರ ನೋಡಿ ಕಟ್ಟೋಕಾಗಲ್ವಾ?" ಆ ಕಟ್ಟಡದಲ್ಲಿ ಒಬ್ಬರಾದರೂ, ರಾಯರೂ ಸೇರಿ, ಒಂದು ಮೀನು ಏನು ತಿನ್ನುತ್ತದೆ ಎಂದು ಕಣ್ಣಿಂದ ನೋಡಿರಲಿಲ್ಲ.

ನೋಡಿದವನು ಕನ್ನಿಯಪ್ಪನ್. ಅಡ್ಯಾರ್ ಮುಖದ ಹತ್ತಿರದ ಕುಪ್ಪದ, ಅಂದರೆ ಬೆಸ್ತರ ಕೇರಿಯ, ಮೀನುಗಾರ. ಊರಿನ ಒಂದು ದೊಡ್ಡ ಕ್ಲಬ್ಬಿನವರು ಅಲ್ಲಿ ದೋಣಿಗಳನ್ನು ಇಟ್ಟಿದ್ದರು, ಅವನು ಅದರಲ್ಲಿ ಹುಟ್ಟು ಹಾಕುತ್ತಿದ್ದ. ಸದಸ್ಯರಲ್ಲಿ ಒಬ್ಬರು ಬೇರೊಂದು ಕಂಪನಿಯ ಡೈರೆಕ್ಟರು, ನಮ್ಮ ಅತಿ ದೊಡ್ಡ ಗಿರಾಕಿ. ಇಂಗ್ಲಿಷರು ಹೋದ ಮೇಲೆ ಅವರ ಟೊಪ್ಪಿ, ಬೆತ್ತ, ಬೈಗುಳ ಮೂರನ್ನೂ ಇಟ್ಟುಕೊಂಡ ನಮ್ಮವರೇ. ಕನ್ನಿಯಪ್ಪನ್ ಅವರ ಫ್ಲೈ ಡಬ್ಬಿಯನ್ನು ರಿಪೇರಿಗೆ ತರುವುದು, ಒಯ್ಯುವುದು ಮಾಡುತ್ತಿದ್ದ. ಒಂದು ದಿನ ನಾನು ಕಟ್ಟಿದ ಕಂದು ಬಣ್ಣದ ಹುಳವನ್ನು ಅಂಗೈಯಲ್ಲಿ ಇಟ್ಟುಕೊಂಡು, "ಅಮ್ಮಾ, ಇದು ಯಾರ ಸಾಪಾಡು?" ಎಂದು ಕೇಳಿದ. ವ್ಯಂಗ್ಯವಲ್ಲ, ನಿಜವಾಗಿ ತಿಳಿಯಬೇಕಿತ್ತು ಅವನಿಗೆ.

"ಕೊಡುವಾ ಮೀನಿನದು" ಎಂದೆ.

"ಕೊಡುವಾ ಊಟ ಮಾಡೋದು ನೋಡಿದ್ದೀರಾ?"

"ಇಲ್ಲ."

"ಭಾನುವಾರ ಬೆಳಿಗ್ಗೆ ಬನ್ನಿ. ತೋರಿಸ್ತೇನೆ."

ಸ್ಟೆಲ್ಲಾಳನ್ನು ಜೊತೆಗೆ ಕರೆದುಕೊಂಡು ಹೋದೆ. ಮನೆಯಲ್ಲಿ ದೇವಸ್ಥಾನಕ್ಕೆ ಎಂದು ಹೇಳಿದ್ದೆ. ನೀರು ಇಳಿಯುವ ಹೊತ್ತು. ನದಿಯ ನೀರು ಮರಳ ದಿಣ್ಣೆಯನ್ನು ಸುತ್ತಿ ಸಮುದ್ರದ ಕಡೆಗೆ ಓಡುತ್ತಿತ್ತು. ಕನ್ನಿಯಪ್ಪನ್ ನಮ್ಮನ್ನು ದಂಡೆಯಲ್ಲಿ ಕೂರಿಸಿ ಬೆರಳು ತೋರಿಸಿದ. ಬೆಳ್ಳಿಯ ಎಳೆಗಳ ಹಾಗೆ ಸಣ್ಣ ಮೀನುಗಳು ಓಟದ ನೀರಿನಲ್ಲಿ ಕೊಚ್ಚಿಕೊಂಡು ಬರುತ್ತಿದ್ದವು. ದಿಣ್ಣೆಯ ಮರೆಯಲ್ಲಿ ನೀರು ಒಮ್ಮೆ ಕಪ್ಪಾಯಿತು, ಢಬ್ ಎಂದು ಸದ್ದಾಯಿತು, ಬೆಳ್ಳಿ ಮೀನುಗಳೆಲ್ಲ ಗಾಳಿಗೆ ಹಾರಿದವು.

"ಅವನು ಓಡಿಸಿಕೊಂಡು ಹೋಗಲ್ಲ. ಬಾಗಿಲಲ್ಲಿ ಕೂತಿರ್ತಾನೆ. ಊಟ ತಾನೇ ಬಾಯಿಗೆ ಬರಬೇಕು" ಎಂದ ಕನ್ನಿಯಪ್ಪನ್.

ಆಮೇಲೆ ಬಲೆಗೆ ಬಿದ್ದಿದ್ದ ಒಂದು ಕೊಡುವಾವನ್ನು ಮರಳ ಮೇಲೆ ಹಾಕಿ ಹೊಟ್ಟೆ ಸೀಳಿದ. ಜನ್ಮದಲ್ಲಿ ಮೀನು ಮುಟ್ಟಿರದ ನಾನು ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದೆ. ಒಳಗೆ ಐದು ನೆತ್ತಿಲಿ ಮೀನು, ಒಂದು ಸೀಗಡಿ. ನೆತ್ತಿಲಿ ನನ್ನ ತೋರುಬೆರಳಿನಷ್ಟೇ ಉದ್ದ. ಬೆನ್ನು ಹಸಿರು, ಹೊಟ್ಟೆ ಬಿಳಿ, ಕಣ್ಣು ಮೈಗಿಂತ ದೊಡ್ಡದೇನೋ ಎಂಬ ಹಾಗೆ. ಚೀಲದಿಂದ ಪೆನ್ಸಿಲ್ ತೆಗೆದು ಅದರ ಉದ್ದಗಲವನ್ನು ಕಾಗದದ ಮೇಲೆ ಗೆರೆ ಎಳೆದುಕೊಂಡೆ. ಕಾಗದ ಒದ್ದೆಯಾಗಿ ವಾಸನೆ ಹಿಡಿಯಿತು. ಇಪ್ಪತ್ತು ವರ್ಷ ಅದೇ ನನ್ನ ಕ್ಯಾಟಲಾಗು.

ಹುಡುಗಿಯರೇ, ಫ್ಲೈ ಆರಿಸುವುದು ಹೇಗೆ ಎಂದು ಕೇಳಿದಿರಿ. ಹೇಳುತ್ತೇನೆ, ಉದ್ದ ಮಾಡುವುದಿಲ್ಲ. ಮೊದಲು ನೀರು ನೋಡಿ. ತಿಳಿಯಾಗಿದ್ದರೆ ಬಿಳಿ ಮೇಕೆ ಕೂದಲು, ಬೆನ್ನಿಗೆ ನಾಲ್ಕೇ ಎಳೆ ನವಿಲುಗರಿ. ಮಳೆ ಬಂದು ನೀರು ಕೆಂಪಾಗಿದ್ದರೆ ಕಪ್ಪು. ಅಲ್ಲಿ ಮೀನು ಬಣ್ಣ ನೋಡುವುದಿಲ್ಲ, ನೆರಳು ನೋಡುತ್ತದೆ. ಉದ್ದವನ್ನು ಆ ದಿನ ಆ ನೀರಿನಲ್ಲಿರುವ ಸಣ್ಣ ಮೀನಿನಿಂದ ಅಳೆಯಿರಿ, ನಿಮ್ಮ ಡಬ್ಬಿಯಲ್ಲಿ ಏನಿದೆ ಎಂಬುದರಿಂದಲ್ಲ. ಕೂದಲು ಕಡಿಮೆ ಹಾಕಿ. ಅಂಗಡಿಯಲ್ಲಿ ತುಂಬಿಕೊಂಡು ಚೆನ್ನಾಗಿ ಕಾಣುವ ಫ್ಲೈ ನೀರಿನಲ್ಲಿ ಒದ್ದೆ ಪೊರಕೆಯ ಹಾಗೆ ಕಾಣುತ್ತದೆ. ಕಣ್ಣು ಬರೆಯದೆ ಯಾವುದನ್ನೂ ಕೊಡಬೇಡಿ, ಮೀನು ಹೊಡೆಯುವುದು ಕಣ್ಣಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಗಾಳ ನೋಡಿ. ಗಾಳ ಕೆಟ್ಟದ್ದಾದರೆ ಅದರ ಮೇಲಿನದ್ದೆಲ್ಲ ಬರೀ ಬೆಡಗು.

ಆ ನೆತ್ತಿಲಿ ಫ್ಲೈ ಕಟ್ಟಿಕೊಟ್ಟ ಮೊದಲ ವಾರವೇ ಡೈರೆಕ್ಟರು ಮೂರು ಕೊಡುವಾ ಹಿಡಿದರು. ರಾಯರು ಕುಣಿದಾಡಿದರು. ಕಂಪನಿಯ ಮುಂದಿನ ಬೆಲೆಪಟ್ಟಿಯಲ್ಲಿ ಆ ಫ್ಲೈಗೆ ಡೈರೆಕ್ಟರ ಹೆಸರನ್ನೇ ಇಟ್ಟು ಅಚ್ಚು ಹಾಕಿಸಿದರು. ಕನ್ನಿಯಪ್ಪನ್‌ಗೆ ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ, ನಾನು ಓದಿ ಹೇಳಿದೆ. "ಪಾಪ, ಅವರಿಗೆ ಮಕ್ಕಳಿಲ್ಲವೇನೋ" ಎಂದ.

ನನ್ನ ತಪ್ಪುಗಳನ್ನೂ ಬರೆಯಬೇಕಲ್ಲ. ಮೊದಲನೆಯದು ಜರಿಯದು. ಫ್ಲೈಯ ಮೈಗೆ ಹೊಳಪು ಬೇಕೆಂದು ಅಮ್ಮನ ಹಳೆಯ ಕಾಂಚೀಪುರಂ ಸೀರೆಯ ಅಂಚಿನಿಂದ ಜರಿ ಎಳೆ ಬಿಚ್ಚಿ ಸುತ್ತಿದೆ. ಎಷ್ಟು ಚೆಂದ ಕಾಣುತ್ತಿತ್ತು ಎಂದರೆ ಕೋಣೆಯವರೆಲ್ಲ ಬಂದು ನೋಡಿದರು. ನಾಲ್ಕು ಡಜನ್ ಹೋಯಿತು. ಉಪ್ಪುನೀರು ಮುಟ್ಟಿದ ಎರಡನೇ ದಿನಕ್ಕೆ ಎಲ್ಲವೂ ಕಾಡಿಗೆಯ ಹಾಗೆ ಕಪ್ಪಾಗಿ ವಾಪಸ್ ಬಂದವು. ರಾಯರು ಎಲ್ಲರ ಎದುರು ಡಬ್ಬಿಯನ್ನು ನನ್ನ ಮೇಜಿನ ಮೇಲೆ ಸುರಿದರು. ಅದಕ್ಕೆ ನನಗೆ ಸಿಟ್ಟಿಲ್ಲ. ತಪ್ಪು ನನ್ನದು. ಉಪ್ಪುನೀರಿನ ಎದುರು ಚೆಂದ ಎಂಬುದು ನಡೆಯುವುದಿಲ್ಲ ಎಂದು ಕಲಿತೆ.

ಎರಡನೆಯ ತಪ್ಪನ್ನು ಬರೆಯಲೆಂದೇ ಇಷ್ಟೆಲ್ಲ ಬರೆದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಹೊರದೇಶದ ಸಾಮಾನು ತರಿಸುವುದು ಕಷ್ಟವಾಯಿತು. ಸಮುದ್ರದ ಗಾಳಕ್ಕೆ ತವರದ ಲೇಪ ಇರುತ್ತದೆ, ಅದಕ್ಕೇ ಅದು ತುಕ್ಕು ಹಿಡಿಯುವುದಿಲ್ಲ. ಅಂಥ ಗಾಳ ಬರುವುದು ನಿಂತಿತು. ರಾಯರು ಎಲ್ಲಿಂದಲೋ ಸಿಹಿನೀರಿನ ಕಂದು ಗಾಳ ತಂದರು. ಜೊತೆಗೆ ಒಂದು ಡಬ್ಬಿ ಬೆಳ್ಳಿ ಬಣ್ಣ.

"ಇದನ್ನ ಅದ್ದಿ ಒಣಗಿಸಿ ಕಟ್ಟಿ" ಎಂದರು.

"ರಾಯರೇ, ಇದು ತುಕ್ಕು ಹಿಡಿಯುತ್ತೆ. ಬಣ್ಣದ ಒಳಗೇ ಹಿಡಿಯುತ್ತೆ. ಹೊರಗಿಂದ ಗೊತ್ತಾಗಲ್ಲ" ಎಂದೆ.

"ಮೀನಿಗೆ ಗೊತ್ತಾಗುತ್ತಾ?"

ಸ್ಟೆಲ್ಲಾ ತಲೆ ಬಗ್ಗಿಸಿ ಕೆಲಸ ಮುಂದುವರಿಸಿದಳು. ನಾನೂ ಬಗ್ಗಿಸಿದೆ. ಒಂದು ವರ್ಷ ಹಾಗೇ ಅದ್ದಿ ಕಟ್ಟಿದೆವು.

ಅದೇ ಹೊತ್ತಿಗೆ ಡೈರೆಕ್ಟರಿಗೆ ಭಾರದ ಫ್ಲೈ ಬೇಕಾಯಿತು. ಬೇಗ ಮುಳುಗಬೇಕು, ಆಳದ ದೊಡ್ಡ ಮೀನು ಬೇಕು. ಗಾಳಕ್ಕೆ ಸೀಸದ ತಂತಿ ಸುತ್ತಿ ಮೇಲೆ ಕೂದಲು ಕಟ್ಟಿಕೊಟ್ಟೆ. ಭಾರದ ಫ್ಲೈ ಗಾಳಿಯಲ್ಲಿ ಎತ್ತ ಹೋಗುತ್ತದೆಂದು ಹೇಳಲಾಗದು. ಮದ್ರಾಸಿನಲ್ಲಿ ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ. "ಗಾಳಿ ಎದ್ದ ಮೇಲೆ ಇದನ್ನು ಬೀಸಬೇಡಿ" ಎಂದು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಡಬ್ಬಿಯಲ್ಲಿ ಇಟ್ಟೆ.

ಒಂದು ಶನಿವಾರ ಬೆಳಿಗ್ಗೆ ಕನ್ನಿಯಪ್ಪನ್ ಆ ಡಬ್ಬಿಯನ್ನು ರಿಪೇರಿಗೆ ತಂದ. ಹಿಂದಿನ ವಾರ ಉಪ್ಪುನೀರು ಕಂಡು ಒದ್ದೆಯಾಗಿಯೇ ಮುಚ್ಚಿಟ್ಟ ಡಬ್ಬಿ. ಒಂದು ಫ್ಲೈಯ ಬಣ್ಣ ಹೊಪ್ಪಳೆಯಾಗಿ ಎದ್ದಿತ್ತು. ಉಗುರಿನಿಂದ ಕೆರೆದೆ. ಒಳಗೆಲ್ಲ ಕೆಂಪು ತುಕ್ಕು. ರಾಯರ ಮುಂದೆ ಹಿಡಿದೆ.

"ಇನ್ನೊಂದು ಕೋಟಿಂಗ್ ಹಚ್ಚಿ ಕೊಡು. ಅವರು ಮಧ್ಯಾಹ್ನ ಹೋಗ್ಬೇಕಂತೆ" ಎಂದರು.

ಹಚ್ಚಿದೆ. ಇದೇ ಕೈಯಿಂದ, ಫ್ಯಾನಿನ ಕೆಳಗೆ ಒಣಗಿಸಿ, ಕನ್ನಿಯಪ್ಪನ್ ಕೈಗೆ ಕೊಟ್ಟೆ. ಅವನು ಮೆಟ್ಟಿಲ ಹತ್ತಿರ ನಿಂತು ನೀರು ಕೇಳಿದ, ಕುಡಿದ, ದೊಡ್ಡ ಮಗಳು ಶಾಲೆಯಲ್ಲಿ ಮೊದಲನೆಯವಳಾಗಿ ಬಂದಳು ಎಂದು ಹೇಳಿದ. ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಅವನ ಉಸಿರಿನಲ್ಲಿ ಎಲೆ ಅಡಿಕೆಯ ವಾಸನೆ ಇತ್ತು, ಬೇರೇನೂ ಇರಲಿಲ್ಲ.

ಮಧ್ಯಾಹ್ನ ಏನಾಯಿತೆಂದು ಮಾರನೆಯ ದಿನ ಆಸ್ಪತ್ರೆಗೆ ಹೋದ ಸ್ಟೆಲ್ಲಾಳಿಗೆ ಕನ್ನಿಯಪ್ಪನ್ ಹೇಳಿದ, ಅವಳು ನನಗೆ ಹೇಳಿದಳು. ಗಾಳಿ ಎದ್ದಿತು. ಡೈರೆಕ್ಟರು ಊಟಕ್ಕೆ ಮುಂಚೆ ಕ್ಲಬ್ಬಿನಲ್ಲಿ ಕುಡಿದು ಬಂದಿದ್ದರು. "ದೊರೆ, ಗಾಳಿ ತಿರುಗಿತು, ದೋಣಿಯನ್ನ ಆ ದಂಡೆಗೆ ಒಯ್ಯುತ್ತೇನೆ" ಎಂದ. "ಸುಮ್ನಿರು, ಇನ್ನೊಂದು ಸಲ" ಎಂದರು ಅವರು. ಹಿಂದಕ್ಕೆ ಬೀಸಿದ ಸೀಸದ ಫ್ಲೈ ಗಾಳಿಗೆ ಸಿಕ್ಕಿ ಕೆಳಗೆ ಬಂದು, ಹುಟ್ಟು ಹಿಡಿದು ಕೂತಿದ್ದ ಕನ್ನಿಯಪ್ಪನ್‌ನ ಎಡಗಣ್ಣಿಗೆ ಹೊಕ್ಕಿತು. ಏನೋ ತಡೆಯಿತೆಂದು ಡೈರೆಕ್ಟರು ಬೆತ್ತವನ್ನು ಜಗ್ಗಿದರು. ತುಕ್ಕು ತಿಂದ ಗಾಳ ಬಾಗಿದ ಕಡೆಯಲ್ಲಿ ಮುರಿಯಿತು. ಮೊನೆ ಒಳಗೇ ಉಳಿಯಿತು.

ಆಸ್ಪತ್ರೆಯ ಡಾಕ್ಟರು ಸ್ಟೆಲ್ಲಾಳಿಗೆ ಹೇಳಿದರು: ಗಾಳ ಇಡಿಯಾಗಿದ್ದಿದ್ದರೆ ತೆಗೆಯಬಹುದಿತ್ತು, ತುಕ್ಕಿನ ಚೂರು ಉಳಿದು ಕೀವಾಯಿತು. ಕಣ್ಣು ಹೋಯಿತು.

ಮೂರನೇ ದಿನ ರಾಯರು ನನ್ನನ್ನು ಕೋಣೆಗೆ ಕರೆದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ.

"ಸೈನ್ ಮಾಡಮ್ಮ. ಸುಮ್ನೆ ಫಾರ್ಮಾಲಿಟಿ."

"ಓದ್ತೀನಿ ರಾಯರೇ."

ಓದಿದೆ. ಗಾಳಗಳು ತವರ ಲೇಪದ ಉತ್ತಮ ಗಾಳಗಳು ಎಂದಿತ್ತು. ಫ್ಲೈಗಳನ್ನು ಪರೀಕ್ಷೆ ಮಾಡಿ ಕೊಡಲಾಗಿತ್ತು ಎಂದಿತ್ತು. ಆ ದಿನ ಬೆಳಿಗ್ಗೆ ಡಬ್ಬಿ ಒಯ್ಯಲು ಬಂದ ದೋಣಿಯವನು ಕುಡಿದ ಸ್ಥಿತಿಯಲ್ಲಿದ್ದುದನ್ನು ನಾನು ಕಣ್ಣಾರೆ ಕಂಡೆ ಎಂದಿತ್ತು.

ಆಗ ಮದ್ರಾಸಿನಲ್ಲಿ ಪಾನನಿಷೇಧ. ಕುಡಿಯುವುದೇ ಅಪರಾಧ. ಆ ಸಾಲಿಗೆ ಒಬ್ಬನನ್ನು ಜೈಲಿಗೆ ಕಳಿಸುವ ಬಲವಿತ್ತು.

"ಅವನು ಕುಡಿದಿರ್ಲಿಲ್ಲ. ನಾನೇ ಡಬ್ಬಿ ಕೊಟ್ಟಿದ್ದು."

"ಕುಡಿದವರ ವಾಸನೆ ನಿನಗೆ ಹೇಗೆ ಗೊತ್ತು? ನಿಮ್ಮನೇಲಿ ಯಾರಾದ್ರೂ ಕುಡೀತಾರಾ? ಕುಪ್ಪದವರೆಲ್ಲ ಕುಡಿಯೋರೇ."

"ಡೈರೆಕ್ಟರು ಕುಡಿದಿದ್ರಂತೆ."

"ಅವರ ಹತ್ರ ಪರ್ಮಿಟ್ ಇದೆ" ಎಂದರು ರಾಯರು.

ಪರ್ಮಿಟ್ ಇದೆ! ಕಣ್ಣು ತೆಗೆಯುವುದಕ್ಕೂ ಪರ್ಮಿಟ್ ಇತ್ತೇನೋ.

ರಾಯರು ದನಿ ತಗ್ಗಿಸಿದರು. "ನೋಡು ಜಾನಕೀ, ನಿಮ್ಮಪ್ಪ ನನಗೆ ಅಣ್ಣನ ಹಾಗಿದ್ದ. ಅವನ ಮಗಳು ಅಂತ ನಿನ್ನ ತಂದು ಇಲ್ಲಿ ಕೂರಿಸಿದೆ. ಆ ಬಣ್ಣ ಹಚ್ಚಿದ್ದು ಯಾರು? ನಾನಾ? ವಿಷಯ ದೊಡ್ಡದಾದ್ರೆ ಮೊದಲು ಬರೋದು ನಿನ್ನ ಹೆಸರು. ಸುಮ್ನೆ ಯಾಕಮ್ಮ ಈ ವಂಬು, ಈ ರಗಳೆಯೆಲ್ಲ?"

ಸಹಿ ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ. ಓದಿ, ತಿಳಿದು, ಹೆದರಿ, ಹಾಕಿದೆ.

ಆರು ದಿನ ಏನೂ ಆಗಲಿಲ್ಲ. ಏಳನೇ ದಿನ ಕನ್ನಿಯಪ್ಪನ್‌ನ ಹೆಂಡತಿ ದೇಸಮ್ಮ ಬಂದಳು. ಮಾರುಕಟ್ಟೆಯಿಂದ ನೇರವಾಗಿ ಬಂದಿದ್ದಳು. ಖಾಲಿ ಮೀನಿನ ಬುಟ್ಟಿಯನ್ನು ಕೆಳಗೆ ಇಟ್ಟು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ಕೂಗುತ್ತಾಳೆ ಎಂದುಕೊಂಡೆ. ಕೂಗಲಿಲ್ಲ.

"ನೀನೇನಾ ಜಾನಕಿ?"

"ಹೌದು."

"ಅವರು ಕುಡಿದಿದ್ದನ್ನ ನೋಡಿದೆ ಅಂತ ಬರೆದುಕೊಟ್ಟಿದ್ದೀಯಂತೆ. ಕಣ್ಣಿಂದ ನೋಡಿದ್ಯಾ, ಮೂಗಿಂದ ನೋಡಿದ್ಯಾ?"

ಕೈಯಲ್ಲಿದ್ದ ದಾರವನ್ನು ಮೇಜಿನ ಮೇಲೆ ಇಟ್ಟೆ.

"ಹನ್ನೊಂದು ವರ್ಷ ಆಯ್ತು ಅವರು ಬಿಟ್ಟು. ದೊಡ್ಡ ಮಗಳು ಹುಟ್ಟಿದ ದಿನ ಬಿಟ್ಟದ್ದು. ಕುಪ್ಪದಲ್ಲಿ ಯಾರು ಕದ್ದು ಕುಡಿದ್ರೂ ಮನೆಗೆ ಹೋಗಿ ಬುದ್ಧಿ ಹೇಳ್ತಿದ್ರು. ಮೊನ್ನೆ ಪೋಲೀಸಿನವರು ಬಂದು ಎಲ್ಲರ ಮುಂದೆ ನಿನ್ನ ಕಾಗದದ ವಿಷಯ ಕೇಳಿದ್ರು. ಈಗ ಊರೆಲ್ಲ ನಗ್ತಿದೆ. ನಮಗೆ ಬುದ್ಧಿ ಹೇಳಿ ದೊರೆಯ ದೋಣಿಯಲ್ಲಿ ಕುಡೀತಿದ್ದನಂತೆ ಅಂತ. ಕಣ್ಣು ಹೋದದ್ದಕ್ಕೆ ಅವರು ಅಳಲಿಲ್ಲ. ಇದಕ್ಕೆ ಅತ್ತರು."

ಅಷ್ಟು ಹೇಳಿ ಇಳಿದು ಹೋದಳು. ಬುಟ್ಟಿ ಎತ್ತಿಕೊಂಡ ಸದ್ದು ಕೇಳಿಸಿತು.

ಅಂದು ಮನೆಗೆ ಹೋಗಿ ಹಿತ್ತಲಲ್ಲಿ ನೀರು ಹೊಯ್ದುಕೊಳ್ಳುವಾಗ ಅಜ್ಜಿಗೆ ಎಲ್ಲವನ್ನೂ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ ಕೆಲಸದ ಮಾತು ಎತ್ತಿದ್ದು. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತು ಕೇಳಿದರು. ಬೈಯುತ್ತಾರೆ, ಕೆಲಸ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕೈಯಿಂದ ಕೊಡ ಕಿತ್ತುಕೊಂಡರು.

"ಗರಿ ಮುಟ್ಟಿದ್ದಕ್ಕೆ ಒಂದು ಕೊಡ ಹೊಯ್ಕೊಂಡೆ, ಸರಿ. ಸುಳ್ಳು ಸಾಕ್ಷಿಗೆ ಎಷ್ಟು ಕೊಡ ಹೊಯ್ಕೋತೀಯಾ? ಒಳಗೆ ನಡಿ. ನಿನಗಿನ್ನು ಈ ಸ್ನಾನ ಬೇಡ, ಪ್ರಯೋಜನ ಇಲ್ಲ."

ಮರುದಿನ ಸ್ಟೆಲ್ಲಾ ರಾಯಪುರಂ ಕಡಲಿನಿಂದ ಒಂದು ಬಾಟಲಿ ನೀರು ತಂದಳು. ಒಂದು ಗಾಜಿನ ಲೋಟದಲ್ಲಿ ನಮ್ಮ ಹತ್ತಿರ ಉಳಿದಿದ್ದ ಮೂರು ಹಳೆಯ ತವರದ ಗಾಳ, ಇನ್ನೊಂದರಲ್ಲಿ ನಾವು ಬಣ್ಣ ಬಳಿದ ಮೂರು ಗಾಳ ಹಾಕಿ ಅವಳ ಮನೆಯ ಕಿಟಕಿಯಲ್ಲಿ ಇಟ್ಟೆವು. ನಾಲ್ಕು ದಿನಕ್ಕೆ ಎರಡನೇ ಲೋಟದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ನಾನು ಕೈಯಿಂದ ಹೊಸ ಕಾಗದ ಬರೆದೆ. ಮೊದಲನೆಯದರಲ್ಲಿ ಇದ್ದ ಮೂರೂ ಮಾತು ಸುಳ್ಳು, ತುಕ್ಕು ಕಂಡ ಮೇಲೂ ಬಣ್ಣ ಹಚ್ಚಿದವಳು ನಾನು, ದೋಣಿಯವನು ಕುಡಿದಿರಲಿಲ್ಲ. ಕೆಳಗೆ ಸ್ಟೆಲ್ಲಾ ಕೇಳದೆಯೇ ತನ್ನ ಸಹಿಯನ್ನೂ ಹಾಕಿದಳು.

ರಾಯರು ಮೊದಲಿನ ಕಾಗದವನ್ನು ಕ್ಲಬ್ಬಿಗೇ ಕೊಟ್ಟಿದ್ದರು, ನಾವೂ ಅಲ್ಲಿಗೇ ಹೋದೆವು. ಕ್ಲಬ್ಬಿನ ಮುಂಬಾಗಿಲಿನಿಂದ ಹೆಂಗಸರನ್ನು ಬಿಡುತ್ತಿರಲಿಲ್ಲ. ಅಡಿಗೆಮನೆಯ ಕಡೆಯಿಂದ ಹೋಗಿ, ಎರಡೂ ಲೋಟಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಂಚಿನ ಮೇಲೆ ಬಹಳ ಹೊತ್ತು ಕೂತೆವು. ಕಾರ್ಯದರ್ಶಿ ವಯಸ್ಸಾದವರು. ಕಾಗದ ಓದಿ, ಲೋಟ ನೋಡಿ, ಕನ್ನಡಕ ತೆಗೆದರು.

"ಮೊದಲು ಬರೆದದ್ದು ಸುಳ್ಳೋ, ಈಗ ಬರೆದದ್ದು ಸುಳ್ಳೋ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಮೊದಲಿನದು. ಓದಿಯೇ ಸಹಿ ಹಾಕಿದ್ದೆ."

"ಯಾಕೆ?"

"ಹೆದರಿಕೆಯಿಂದ."

"ಈಗ ಹೆದರಿಕೆ ಇಲ್ಲವಾ?"

"ಇದೆ" ಎಂದೆ.

ಆ ಕಾಗದದ ಪ್ರತಿ ಪೋಲೀಸರಿಗೆ ಹೋಯಿತು. ಕನ್ನಿಯಪ್ಪನ್ ಮೇಲಿನ ವಿಚಾರಣೆ ನಿಂತಿತು. ಅಷ್ಟೇ ಆದದ್ದು, ಅದಕ್ಕಿಂತ ಹೆಚ್ಚಿಲ್ಲ. ಡೈರೆಕ್ಟರಿಗೆ ಯಾರೂ ಒಂದು ಮಾತು ಕೇಳಲಿಲ್ಲ. ಕೆಲವು ತಿಂಗಳು ದೋಣಿಯ ಕಡೆಗೆ ಬರಲಿಲ್ಲ, ಆಮೇಲೆ ಬಂದರು. ಅವರ ಹೆಸರಿನ ಫ್ಲೈ ಪಟ್ಟಿಯಲ್ಲಿ ಹಾಗೇ ಉಳಿಯಿತು. ಕ್ಲಬ್ಬಿನವರು ಕನ್ನಿಯಪ್ಪನ್‌ಗೆ ಗೇಟು ಕಾಯುವ ಕೆಲಸ ಕೊಡುತ್ತೇವೆ ಎಂದರು. ಅವನು ಹೋಗಲಿಲ್ಲ, ತನ್ನ ಕಟ್ಟುಮರ ಹತ್ತಿ ಒಂದೇ ಕಣ್ಣಿನಲ್ಲಿ ಕಡಲಿಗೆ ಹೋದ.

ನಮ್ಮಿಬ್ಬರನ್ನೂ ರಾಯರು ಅದೇ ದಿನ ಹೊರಗೆ ಹಾಕಿದರು. ಸ್ಟೆಲ್ಲಾಳ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮೇಜು ಹಾಕಿ, ಬೇಸಿಗೆಯಲ್ಲೂ ಕೆಲಸ ನಿಲ್ಲಿಸದೆ, ಇಪ್ಪತ್ತೇಳು ವರ್ಷ ಫ್ಲೈ ಕಟ್ಟಿದೆವು. ನೈಲಾನ್ ದಾರ ಬಂತು, ತುಕ್ಕು ಹಿಡಿಯದ ಉಕ್ಕಿನ ಗಾಳ ಬಂತು, ಕೂದಲಿನ ಬದಲು ಹೊಳೆಯುವ ಪ್ಲಾಸ್ಟಿಕ್ ಎಳೆ ಬಂತು. ಯಾವುದನ್ನೂ ನಾಲ್ಕು ದಿನ ಕಡಲ ನೀರಿನಲ್ಲಿ ಇಡದೆ ನಾವು ಮುಟ್ಟಲಿಲ್ಲ.

ಬಹಳ ವರ್ಷಗಳ ಮೇಲೆ ಮೈಲಾಪೂರಿನ ಒಂದು ಮದುವೆಮನೆಯಲ್ಲಿ ರಾಯರು ಎದುರಾದರು. ಮುದುಕರಾಗಿದ್ದರು. ಕೋಲು ಊರಿಕೊಂಡು ಬಂದು, "ಇನ್ನೂ ನನ್ನ ಮೇಲೆ ಕೋಪ ಇದೆಯೇನಮ್ಮ? ನೆನಪಿಟ್ಕೋ, ಸೈನ್ ಮಾಡಿದ್ದು ನೀನು, ನಾನಲ್ಲ" ಎಂದರು. ಬಾಳೆಲೆಯ ಮುಂದೆ ಕೂತವಳು ಎದ್ದು ಬಂದೆ. ಅವರು ಸುಳ್ಳು ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. ಹೇಳಿದ್ದು ನಿಜ. ಅವರು ತೀರಿಹೋಗಿದ್ದಾರೆ, ನನ್ನ ಸಿಟ್ಟು ಹೋಗಿಲ್ಲ.

ಆದರೆ ಹೇಳಲೇಬೇಕಾದದ್ದು ಇನ್ನೂ ಒಂದಿದೆ. ಅದು ನಡೆದದ್ದು ಕ್ಲಬ್ಬಿಗೆ ಹೋಗಿ ಬಂದ ಮಾರನೆಯ ಬೆಳಿಗ್ಗೆ.

ಕುಪ್ಪಕ್ಕೆ ಒಬ್ಬಳೇ ಹೋದೆ. ಕನ್ನಿಯಪ್ಪನ್ ಗುಡಿಸಲಿನ ಮುಂದೆ ಕೂತು ಬಲೆ ಹೆಣೆಯುತ್ತಿದ್ದ. ಕಣ್ಣಿಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಹೆಣೆಯುವ ಸೂಜಿಯನ್ನು ಬಲೆಯ ಕಣ್ಣಿಗೆ ಸೇರಿಸಲಾಗದೆ ಮತ್ತೆ ಮತ್ತೆ ತಪ್ಪುತ್ತಿದ್ದ. ಹೊಸ ಕಾಗದದ ಪ್ರತಿಯನ್ನು ಅವನ ಮುಂದೆ ಹಿಡಿದು ತಮಿಳಿನಲ್ಲಿ ಓದಿ ಹೇಳಿದೆ. ಆಮೇಲೆ, "ನನ್ನನ್ನು ಕ್ಷಮಿಸಿಬಿಡಿ" ಎಂದೆ.

ಅವನು ಕಾಗದವನ್ನು ತೆಗೆದುಕೊಳ್ಳಲಿಲ್ಲ.

"ಇದನ್ನ ಓದೋರು ಕ್ಲಬ್ಬಿನಲ್ಲಿದ್ದಾರೆ, ಸ್ಟೇಷನ್ನಿನಲ್ಲಿದ್ದಾರೆ. ಇಲ್ಲಿ ಯಾರಿಗೆ ಓದೋಕೆ ಬರುತ್ತೆ? ನಗ್ತಿರೋದು ಇಲ್ಲಿಯವರು. ಬಾಯಲ್ಲಿ ಹೇಳಿ."

ದೇಸಮ್ಮ ಒಳಗಿನಿಂದ ಬಂದಳು. ಅವನು ಹೇಳಿದ್ದನ್ನು ಕೇಳಿ ಅಕ್ಕಪಕ್ಕದ ಗುಡಿಸಲುಗಳಿಗೆ ಹೋಗಿ ಕರೆದಳು. ಕಡಲಿನಿಂದ ಆಗಷ್ಟೇ ಮರಳಿದ ಗಂಡಸರು, ಮೀನು ಒಣಹಾಕುತ್ತಿದ್ದ ಹೆಂಗಸರು, ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಮೂವತ್ತು ಜನವಾದರೂ ಇದ್ದರು. ಹಿಂದೆ ನಿಂತಿದ್ದ ಇಬ್ಬರು ಏನೋ ಪಿಸುಗುಟ್ಟಿ ನಗುತ್ತಿದ್ದರು. ನಾನು ಅದುವರೆಗೆ ಮನೆಯ ಹೊರಗೆ ನಾಲ್ಕು ಜನರ ಮುಂದೆ ದನಿ ಎತ್ತಿ ಮಾತಾಡಿದವಳಲ್ಲ. ಬಿಸಿ ಮರಳಿನಲ್ಲಿ ಚಪ್ಪಲಿ ಹೂತುಹೋಗಿತ್ತು.

"ಅವರು ಅವತ್ತು ಕುಡಿದಿರಲಿಲ್ಲ" ಎಂದೆ. "ನಾನು ಹತ್ತಿರ ನಿಂತಿದ್ದೆ. ಕುಡಿದಿದ್ದರು ಅಂತ ನಾನು ಬರೆದುಕೊಟ್ಟದ್ದು ಸುಳ್ಳು."

ಕನ್ನಿಯಪ್ಪನ್ ನನ್ನ ಕಡೆ ನೋಡಲಿಲ್ಲ. ತಲೆ ತಿರುಗಿಸಿ, ಇರುವ ಒಂದು ಕಣ್ಣಿನಲ್ಲಿ ಗುಂಪಿನ ಕೊನೆಯವರೆಗೂ ನೋಡಿದ.

"ಹಿಂದೆ ನಿಂತವರಿಗೆ ಕೇಳಿಸಲಿಲ್ಲ" ಎಂದ.

ನಾನು ಮತ್ತೆ ಹೇಳಿದೆ, ಕೂಗಿ.